ಮನೆಯ ಕಂಪ್ಯೂಟರಿನಲ್ಲಿ ಫೈಲ್ ಇಡುವ ಜಾಗ

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಕೇಳುಗರಿಗೆ ನಮಸ್ಕಾರ.

ಹೊಲದ ಪಹಣಿ, ಮಕ್ಕಳ ಅಂಕಪಟ್ಟಿ, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೆಗೆದ ಫೋಟೋ, ಇವೆಲ್ಲ ಕಂಪ್ಯೂಟರಿನಲ್ಲಿ ಎಲ್ಲಿವೆ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಸಿಗುವ ಉತ್ತರ ಡೆಸ್ಕ್‌ಟಾಪ್. ಆನ್ ಮಾಡಿದ ಕೂಡಲೇ ಕಣ್ಣಿಗೆ ಬೀಳುತ್ತದಲ್ಲ, ಅದಕ್ಕೆ. ಕಂಪ್ಯೂಟರಿನ ಡಿಸ್ಕಿನಲ್ಲಿ ಫೈಲ್ ಇಡುವ ಭಾಗಗಳಿಗೆ ಡ್ರೈವ್ ಅನ್ನುತ್ತಾರೆ, ಅವಕ್ಕೆ ಸಿ, ಡಿ ಎಂದು ಹೆಸರು. ಡೆಸ್ಕ್‌ಟಾಪ್ ಎಂಬುದೂ ಸಿ ಡ್ರೈವಿನ ಒಂದು ಫೋಲ್ಡರೇ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಕೂಡ ಸಾಮಾನ್ಯವಾಗಿ ಅಲ್ಲೇ, ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನಡಿ ಇರುತ್ತವೆ. ಕಂಪ್ಯೂಟರನ್ನು ನಡೆಸುವ ವಿಂಡೋಸ್ ಕೂತಿರುವುದೂ ಅದೇ ಸಿ ಡ್ರೈವಿನಲ್ಲಿ. ವಿಂಡೋಸ್ ಕೆಟ್ಟು ಕಂಪ್ಯೂಟರನ್ನು ರಿಪೇರಿ ಅಂಗಡಿಗೆ ಒಯ್ದರೆ ಫಾರ್ಮ್ಯಾಟ್ ಆಗುವುದು, ಅಂದರೆ ಪೂರಾ ಅಳಿಸಿಹೋಗುವುದು, ಸಿ. ಪಹಣಿಯೂ ಅದರ ಜೊತೆ ಹೋಯಿತು.

ಡಿ ಡ್ರೈವ್ ಇದ್ದವರು ಡಾಕ್ಯುಮೆಂಟ್ಸನ್ನೇ ಅಲ್ಲಿಗೆ ಸಾಗಿಸಬಹುದು. ವಿಂಡೋಸ್ ಕೀಲಿ ಹಿಡಿದು ಇ ಒತ್ತಿ, ಫೋಲ್ಡರುಗಳ ಕಿಟಕಿ ತೆರೆಯುತ್ತದೆ. ಮೊದಲು ಡಿ ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿ, ಹೆಸರು ಕೊಡಿ. ಆಮೇಲೆ ಡಾಕ್ಯುಮೆಂಟ್ಸ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್, ಅಲ್ಲಿ ಮೂವ್. ಹೊಸ ಫೋಲ್ಡರನ್ನು ತೋರಿಸಿ ಅಪ್ಲೈ ಒತ್ತಿದರೆ ಹಳೆಯ ಫೈಲುಗಳನ್ನೂ ಸಾಗಿಸಲೇ ಎಂದು ಕೇಳುತ್ತದೆ, ಯೆಸ್ ಅನ್ನಿ. ಹೊಸ ಫೋಲ್ಡರ್ ಮಾಡದೆ ಬರೀ ಡಿ ಅಂತ ತೋರಿಸಿದಿರೋ, ಇಡೀ ಡ್ರೈವೇ ಡಾಕ್ಯುಮೆಂಟ್ಸ್ ಆಗಿ ಕೂರುತ್ತದೆ. ಅದನ್ನು ಬಿಡಿಸುವುದು ದೊಡ್ಡ ತಲೆನೋವು. ಫೈಲುಗಳ ನಕಲನ್ನು ಇಂಟರ್ನೆಟ್ಟಿನಲ್ಲಿಡುವ ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದ್ದರೆ ಮೊದಲು ಅದನ್ನು ನಿಲ್ಲಿಸಿ. ಅಲ್ಲಿ ಪುಕ್ಕಟೆ ಸಿಗುವುದು 5 ಜಿಬಿ ಮಾತ್ರ, ಫೋಟೋಗಳಿಗೆ ಸಾಲದು.

ಡಿಗೆ ಹಾಕಿದೆ, ಇನ್ನು ಚಿಂತೆಯಿಲ್ಲ ಅನ್ನುವಂತಿಲ್ಲ. ಬಹಳ ಕಂಪ್ಯೂಟರುಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಭಾಗಗಳು. ಒಂದೇ ಹೊಲಕ್ಕೆ ನಡುವೆ ಬದು ಹಾಕಿದ ಹಾಗೆ. ಹೊಳೆ ಬಂದರೆ ಬದುವಿನ ಎರಡೂ ಕಡೆ ನೀರು. ಆದ್ದರಿಂದ ಬರೀ ಸಿ ಇರುವ ಲ್ಯಾಪ್‌ಟಾಪಿನ ಡಿಸ್ಕನ್ನು ಭಾಗ ಮಾಡಿ ಡಿ ಮಾಡಿಸುವುದಕ್ಕಿಂತ ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊರಗಿನ ಹಾರ್ಡ್ ಡಿಸ್ಕ್ ಕೊಳ್ಳುವುದು ವಾಸಿ. ವಾರಕ್ಕೊಮ್ಮೆ ಕಾಪಿ ಮಾಡಿ, ಇಜೆಕ್ಟ್ ಒತ್ತಿದ ಮೇಲೆಯೇ ವೈರ್ ಕೀಳಿ. ಕಾಪಿ ನಡೆಯುವಾಗ ಕಿತ್ತರೆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಂಪ್ಯೂಟರಿಗೇ ಸಿಗಿಸಿ ಬಿಡಬೇಡಿ. ಕರೆಂಟ್ ಏರುಪೇರಾದರೆ ಎರಡಕ್ಕೂ ಪೆಟ್ಟು.

ಮದುವೆಯ ವಿಡಿಯೋ ಪೆನ್‌ಡ್ರೈವಿಗೆ ಹೋಗುತ್ತಿಲ್ಲ, ಜಾಗ ಬೇಕಾದಷ್ಟಿದೆ ಎಂದರೆ ಪೆನ್‌ಡ್ರೈವಿನಲ್ಲಿ ಫೈಲ್ ಜೋಡಿಸಿಡುವ ಕ್ರಮ ಫ್ಯಾಟ್ 32 ಎಂಬ ಬಗೆಯದಿರಬಹುದು. ಅದರಲ್ಲಿ 4 ಜಿಬಿ ಮೀರಿದ ಒಂಟಿ ಫೈಲ್ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್ ಎಂಬ ಇನ್ನೊಂದು ಬಗೆಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ, ಒಳಗಿದ್ದದ್ದು ಅಳಿಸಿಹೋಗುವುದರಿಂದ ಮೊದಲೇ ತೆಗೆದಿಟ್ಟುಕೊಳ್ಳಿ.

ಹಲವು ಫೈಲುಗಳನ್ನು ಒತ್ತಿ ಒಂದೇ ಗಂಟು ಮಾಡಿದ ಜಿಪ್ ಫೈಲಿನೊಳಗೇ ಅರ್ಜಿ ತೆರೆದು ತುಂಬುವವರಿದ್ದಾರೆ. ಅದು ತೆರೆದುಕೊಳ್ಳುವುದು ಟೆಂಪ್ ಎಂಬ ತಾತ್ಕಾಲಿಕ ಫೋಲ್ಡರಿನಲ್ಲಿ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಮೊದಲು ಎಕ್ಸ್‌ಟ್ರಾಕ್ಟ್ ಮಾಡಿ, ಅಂದರೆ ಗಂಟು ಬಿಚ್ಚಿ ಫೈಲುಗಳನ್ನು ಹೊರತೆಗೆಯಿರಿ. ವರ್ಡ್‌ನಲ್ಲಿ ತೆರೆದ ಫೈಲ್ ಎಲ್ಲಿ ಕೂತಿದೆ ಎಂಬ ಅನುಮಾನ ಬಂದರೆ ಎಫ್ 12 ಒತ್ತಿ. ತೆರೆದ ಕಿಟಕಿಯ ಮೇಲ್ಸಾಲಿನಲ್ಲಿ ಫೋಲ್ಡರಿನ ಹೆಸರು ಕಾಣುತ್ತದೆ. ಅಲ್ಲಿ ಟೆಂಪ್ ಎಂದಿದ್ದರೆ ಆಗಲೇ ಡಾಕ್ಯುಮೆಂಟ್ಸ್ ಆರಿಸಿ ಸೇವ್ ಒತ್ತಿಬಿಡಿ. ನಮಸ್ಕಾರ.