ಮೊದಲು ಪ್ರಶ್ನೆ, ಆಮೇಲೆ ಅರ್ಜಿ

ಕೇಳುಗರೆಲ್ಲರಿಗೂ ನಮಸ್ಕಾರ.

ಅಂತರರಾಷ್ಟ್ರೀಯ ವಿದ್ಯಮಾನಗಳ ಕ್ಷೇತ್ರದಲ್ಲಿ ಸ್ನಾತಕೋತ್ತರ ಸಂಶೋಧನೆಗೆ ಫೆಲೋಶಿಪ್ ಬಯಸುವವರು ಅರ್ಜಿಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದು ಇಂದಿನ ವಿಷಯ. ಎಂ.ಎ. ಮುಗಿಸಿ, ಅರ್ಜಿಯ ನಮೂನೆಯನ್ನು ಮುಂದಿಟ್ಟುಕೊಂಡು, ಎಲ್ಲಿಂದ ಆರಂಭಿಸುವುದೆಂದು ತೋಚದೆ ಕುಳಿತಿರುವ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತನಾಡುತ್ತಿದ್ದೇನೆ. ಇಂಥ ಅರ್ಜಿಗಳನ್ನು ಓದುವ ಆಯ್ಕೆ ಸಮಿತಿಗಳಲ್ಲಿ ಬಹಳ ಕಾಲ ಕೆಲಸ ಮಾಡಿರುವ ನನಗೆ ಮುಖ್ಯವಾಗಿ ಹೇಳಬೇಕಾಗಿರುವುದು ಒಂದೇ ಮಾತು: ನಿಮ್ಮ ಅರ್ಜಿಯಲ್ಲಿ ಒಂದು ಪ್ರಶ್ನೆ ಇರಬೇಕು.

ಇದರಲ್ಲಿ ಹೊಸದೇನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಮೇಜಿಗೆ ಬರುವ ಸಂಶೋಧನಾ ಪ್ರಸ್ತಾವನೆಗಳ ಶೀರ್ಷಿಕೆಗಳನ್ನು ಸ್ವಲ್ಪ ಕೇಳಿ. ‘ಇಂಡೋ-ಪೆಸಿಫಿಕ್ ವಲಯದ ಭದ್ರತೆ: ಒಂದು ಅಧ್ಯಯನ’, ‘ಹವಾಮಾನ ಬದಲಾವಣೆ ಮತ್ತು ಜಾಗತಿಕ ರಾಜಕಾರಣ’, ‘ಬಹುಧ್ರುವೀಯ ಜಗತ್ತಿನ ಸವಾಲುಗಳು’. ಇವೆಲ್ಲ ದೊಡ್ಡ ವಿಷಯಗಳು, ಗೌರವಾನ್ವಿತ ವಿಷಯಗಳು. ಆದರೆ ಇವುಗಳಲ್ಲಿ ಯಾವುದರಲ್ಲೂ ಪ್ರಶ್ನೆಯಿಲ್ಲ. ಒಂದೇ ಸಂಜೆ ಹತ್ತಾರು ಅರ್ಜಿಗಳನ್ನು ಓದಬೇಕಾದ ಸಮಿತಿಯ ಸದಸ್ಯರು ಮೊದಲನೆಯ ಪುಟದ ಅರ್ಧಕ್ಕೆ ಬರುವಷ್ಟರಲ್ಲಿ ಈ ಅಭ್ಯರ್ಥಿ ಏನನ್ನು ಹುಡುಕಲು ಹೊರಟಿದ್ದಾರೆಂದು ತಿಳಿಯಬಯಸುತ್ತಾರೆ. ಅದು ಅಲ್ಲಿ ಸಿಗದಿದ್ದರೆ, ಮುಂದಿನ ಪುಟಗಳಲ್ಲಿ ಎಷ್ಟು ಪಾಂಡಿತ್ಯವಿದ್ದರೂ ಅದು ಉಪಯೋಗಕ್ಕೆ ಬರುವುದಿಲ್ಲ.

ಇದನ್ನು ವಿವರಿಸಲು ಒಬ್ಬ ವಿದ್ಯಾರ್ಥಿನಿಯ ಪ್ರಸ್ತಾವನೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಆಕೆ ಸಲಹೆ ಕೇಳಲು ತಂದಿದ್ದ ಕರಡಿನ ಹೆಸರು ‘ಅಂಟಾರ್ಕ್ಟಿಕಾ ಮತ್ತು ಮಹಾಶಕ್ತಿಗಳ ಪೈಪೋಟಿ’. 1959ರಲ್ಲಿ ಹನ್ನೆರಡು ದೇಶಗಳು ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಹಾಕಿದಲ್ಲಿಂದ ತೊಡಗಿ, ಗಣಿಗಾರಿಕೆಯನ್ನು ನಿಷೇಧಿಸಿದ 1991ರ ಮ್ಯಾಡ್ರಿಡ್ ಪ್ರೋಟೋಕಾಲ್ ಎಂಬ ಪೂರಕ ಒಪ್ಪಂದವನ್ನು ದಾಟಿ, ಇಂದಿನವರೆಗಿನ ಚರಿತ್ರೆಯನ್ನು ಆಕೆ ಅಚ್ಚುಕಟ್ಟಾಗಿ ಬರೆದಿದ್ದರು. ಕೊನೆಯಲ್ಲಿ ‘ಈ ಅಧ್ಯಯನವು ಈ ಎಲ್ಲ ಅಂಶಗಳ ಮೇಲೆ ಬೆಳಕು ಚೆಲ್ಲಲಿದೆ’ ಎಂಬ ವಾಕ್ಯವಿತ್ತು. ‘ನಿಮ್ಮ ಸಂಶೋಧನೆ ಮುಗಿದ ದಿನ, ಇಂದು ಯಾರಿಗೂ ಗೊತ್ತಿಲ್ಲದ ಯಾವ ಸಂಗತಿ ನಿಮಗೆ ಗೊತ್ತಾಗಿರುತ್ತದೆ?’ ಎಂದು ನಾನು ಕೇಳಿದೆ. ಆಕೆ ಸುಮ್ಮನಾದರು. ಹಾಗಾದರೆ ಓದುವಾಗ ಎಲ್ಲಾದರೂ ತಡೆದು ನಿಂತದ್ದುಂಟೇ ಎಂದು ಕೇಳಿದ್ದಕ್ಕೆ, ಸ್ವಲ್ಪ ಸಂಕೋಚದಿಂದ, ಫೈಲಿನ ಹಿಂಬದಿಯಿಂದ ಒಂದು ನೆರಳಚ್ಚು ಪ್ರತಿಯನ್ನು ಹೊರಗೆ ತೆಗೆದರು.

ಅದು ಅಂಟಾರ್ಕ್ಟಿಕ್ ಸಾಗರದ ಜೀವಸಂಪತ್ತಿನ ಸಂರಕ್ಷಣೆಗಾಗಿರುವ ಆಯೋಗದ ವಾರ್ಷಿಕ ಸಭೆಯ ವರದಿಯ ಒಂದು ಪುಟ. ಈ ಆಯೋಗದ ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್ ನಗರದಲ್ಲಿದೆ. ಅಲ್ಲಿನ ಮುಖ್ಯ ತೀರ್ಮಾನಗಳೆಲ್ಲ ಒಮ್ಮತದಿಂದಲೇ ಆಗಬೇಕು. ಒಂದೇ ಒಂದು ಸದಸ್ಯ ರಾಷ್ಟ್ರ ಒಪ್ಪದಿದ್ದರೂ ತೀರ್ಮಾನ ನಿಂತುಹೋಗುತ್ತದೆ. ಅಮೆರಿಕ ಮತ್ತು ನ್ಯೂಜಿಲೆಂಡ್ ಮುಂದಿಟ್ಟಿದ್ದ ರಾಸ್ ಸಮುದ್ರದ ಸಂರಕ್ಷಿತ ಪ್ರದೇಶದ ಪ್ರಸ್ತಾವಕ್ಕೆ 2016ರ ಅಕ್ಟೋಬರ್ ಸಭೆಯಲ್ಲಿ ಒಪ್ಪಿಗೆ ದೊರೆಯಿತು. ಸುಮಾರು 15.5 ಲಕ್ಷ ಚದರ ಕಿಲೋಮೀಟರಿನಷ್ಟು ಕಡಲು ಅದರ ವ್ಯಾಪ್ತಿಗೆ ಬಂತು. ಆಸ್ಟ್ರೇಲಿಯಾ, ಫ್ರಾನ್ಸ್ ಮತ್ತು ಐರೋಪ್ಯ ಒಕ್ಕೂಟ ಬೆಂಬಲಿಸಿದ್ದ ಪೂರ್ವ ಅಂಟಾರ್ಕ್ಟಿಕದ ಪ್ರಸ್ತಾವ ಅದೇ ಸಭೆಯಲ್ಲಿ ಒಪ್ಪಿಗೆ ಪಡೆಯದೆ ಉಳಿಯಿತು. ಆ ಪುಟದ ಅಂಚಿನಲ್ಲಿ ಆಕೆ ಪೆನ್ಸಿಲಿನಿಂದ ಬರೆದುಕೊಂಡಿದ್ದರು: ‘ಅದೇ ಸಭೆ, ಅದೇ ದೇಶಗಳು, ಅದೇ ನಿಯಮ. ಒಂದು ಯಾಕೆ ಆಯಿತು, ಇನ್ನೊಂದು ಯಾಕೆ ಆಗಲಿಲ್ಲ?’

ಇದೇ ನಿಮ್ಮ ಅರ್ಜಿ, ಉಳಿದ ಪುಟಗಳನ್ನೆಲ್ಲ ಪಕ್ಕಕ್ಕಿಡಿ ಎಂದು ನಾನು ಹೇಳಿದೆ. ನೋಡಿ, ಈ ಪ್ರಶ್ನೆಯೊಳಗೆ ಸಂಶೋಧನೆಯ ದಾರಿಯೇ ಅಡಗಿದೆ. ಎರಡು ಪ್ರಸ್ತಾವಗಳ ನಡುವೆ ಸಮಾನವಾದದ್ದು ಬಹಳಷ್ಟಿದೆ, ಫಲಿತಾಂಶ ಮಾತ್ರ ಬೇರೆ. ರಾಸ್ ಸಮುದ್ರದ ಪ್ರಸ್ತಾವವನ್ನು ಮಾತುಕತೆಯ ವರ್ಷಗಳಲ್ಲಿ ತಿದ್ದಲಾಯಿತು. ಅದರ ಬಹುಭಾಗಕ್ಕೆ 35 ವರ್ಷಗಳ ಅವಧಿಯನ್ನು ಗೊತ್ತುಪಡಿಸಲಾಯಿತು. ಕ್ರಿಲ್ ಎಂಬ ಸಿಗಡಿಯಂಥ ಜೀವಿಯನ್ನು ಸಂಶೋಧನೆಗಾಗಿ ಹಿಡಿಯಲು ಅವಕಾಶವಿರುವ ಪ್ರತ್ಯೇಕ ವಲಯವನ್ನು ಸೇರಿಸಲಾಯಿತು. ಒಪ್ಪಿಗೆ ದೊರೆತದ್ದು ಈ ಬದಲಾವಣೆಗಳಿಂದಲೋ, ಪ್ರಸ್ತಾವಕರ ರಾಜತಾಂತ್ರಿಕ ಬಲದಿಂದಲೋ, ಆಯಾ ಕಡಲಿನ ಮೀನುಗಾರಿಕೆಯ ಹಿತಾಸಕ್ತಿಗಳಿಂದಲೋ? ಪ್ರತಿಯೊಂದು ಊಹೆಯನ್ನೂ ದಾಖಲೆಗಳ ಎದುರಿಗಿಟ್ಟು ಒರೆಗೆ ಹಚ್ಚಬಹುದು, ಮತ್ತು ಆ ಆಯೋಗದ ವಾರ್ಷಿಕ ವರದಿಗಳು ಯಾರು ಬೇಕಾದರೂ ಓದುವಂತೆ ಪ್ರಕಟವಾಗಿವೆ. ಚರಿತ್ರೆಯೇ ತುಂಬಿದ್ದ ಆ ಕರಡು ಕೊನೆಗೆ ಎರಡು ಪುಟಗಳಿಗಿಳಿಯಿತು. ಆಕೆ ಅರ್ಜಿ ಹಾಕಿದ ಫೆಲೋಶಿಪ್ಪಿನ ಸಮಿತಿಯಲ್ಲಿ ನಾನಿರಲಿಲ್ಲ. ಆಯ್ಕೆಯಾದ ಸುದ್ದಿಯನ್ನು ಆಕೆಯೇ ತಿಳಿಸಿದರು. ಆ ಸಂತೋಷ ನನಗೆ ಇಂದಿಗೂ ಹಾಗೆಯೇ ಇದೆ.

ಆದ್ದರಿಂದ ಮತ್ತೆ ಹೇಳುತ್ತೇನೆ, ಪ್ರಶ್ನೆ ಇರಬೇಕು. ಅದು ಉತ್ತರಿಸಲು ಸಾಧ್ಯವಾದ ಪ್ರಶ್ನೆಯೂ ಆಗಿರಬೇಕು. ಮುಚ್ಚಿದ ಬಾಗಿಲ ಹಿಂದೆ ಈಚೆಗಷ್ಟೇ ನಡೆದ ಮಾತುಕತೆಯಲ್ಲಿ ಯಾರು ಏನು ಹೇಳಿದರೆಂಬ ಕುತೂಹಲ ಸಹಜ. ಆದರೆ ವಿದೇಶಾಂಗ ಇಲಾಖೆಗಳ ಕಡತಗಳು ಸಾಮಾನ್ಯವಾಗಿ ದಶಕಗಳ ಕಾಲ ತೆರೆಯುವುದಿಲ್ಲ. ಬ್ರಿಟನ್ನಿನಲ್ಲಿ ಮೂವತ್ತು ವರ್ಷಗಳಿದ್ದ ಕಾಯುವ ಅವಧಿಯನ್ನು ಇಪ್ಪತ್ತಕ್ಕೆ ಇಳಿಸಿದ್ದಾರೆ. ಇಳಿಸಿದ ಮೇಲೂ ಅದು ಇಪ್ಪತ್ತು ವರ್ಷ. ಹೊಸ ಘಟನೆಗಳ ಬಗ್ಗೆ ಕೇಳುವವರು ಬಹಿರಂಗ ದಾಖಲೆಗಳತ್ತ ತಿರುಗಬೇಕು. ಸದಸ್ಯ ರಾಷ್ಟ್ರಗಳು ಮಾಡಿಕೊಳ್ಳುವ ಒಪ್ಪಂದಗಳನ್ನು ನೋಂದಾಯಿಸಿ ಪ್ರಕಟಿಸಬೇಕೆಂದು ವಿಶ್ವಸಂಸ್ಥೆಯ ಸನ್ನದಿನ 102ನೆಯ ವಿಧಿ ಹೇಳುತ್ತದೆ. ಹಾಗೆ ಪ್ರಕಟವಾದ ಒಪ್ಪಂದಗಳ ಮಾಲೆ ನಿಮಗೆ ಲಭ್ಯವಿದೆ. ಮಹಾಸಭೆಯಲ್ಲಿ ಹೆಸರು ದಾಖಲಿಸಿ ನಡೆದ ಮತದಾನದಲ್ಲಿ ಯಾವ ದೇಶ ಯಾವ ಕಡೆ ನಿಂತಿತೆಂಬ ವಿವರವಿದೆ. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ದೇಶಗಳು ಸಲ್ಲಿಸಿದ ಲಿಖಿತ ವಾದಗಳಿವೆ. ‘ದ್ವಿತೀಯಕ ಆಕರಗಳನ್ನು ಬಳಸಲಾಗುವುದು’ ಎಂಬ ಸಿದ್ಧ ವಾಕ್ಯವನ್ನು ದಯವಿಟ್ಟು ಬರೆಯಬೇಡಿ. ಯಾವ ದಾಖಲೆ, ಅದು ಎಲ್ಲಿದೆ, ಯಾವ ಭಾಷೆಯಲ್ಲಿದೆ, ಆ ಭಾಷೆ ನಿಮಗೆ ಬರುತ್ತದೆಯೇ ಎಂಬುದನ್ನು ಬರೆಯಿರಿ.

ಸಮಯ ಸರಿಯುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯಲ್ಲಿರುವವರಿಂದಲೇ ಪಡೆಯಬೇಕೆಂಬ ನಂಬಿಕೆಯನ್ನು ಬಿಟ್ಟುಬಿಡಿ. ನಿಮ್ಮ ಪ್ರಬಂಧವನ್ನು ಓದಿ ತಿದ್ದಿದ ಅಧ್ಯಾಪಕರ ಒಂದು ಪುಟ, ನಿಮ್ಮ ಮುಖವನ್ನೇ ನೋಡದ ಕುಲಪತಿಗಳ ಹೊಗಳಿಕೆಗಿಂತ ಹೆಚ್ಚು ತೂಗುತ್ತದೆ. ಅವರಿಗೆ ಪ್ರಸ್ತಾವನೆಯ ಪ್ರತಿಯನ್ನು ಮೊದಲೇ ಕೊಡಿ, ಕೊನೆಯ ದಿನಾಂಕಕ್ಕೆ ಒಂದು ವಾರವಿರುವಾಗ ಅಲ್ಲ. ಒಂದು ಸಂಸ್ಥೆಗೆ ಬರೆದ ಅರ್ಜಿಯಲ್ಲಿ ಹೆಸರನ್ನಷ್ಟೇ ಬದಲಿಸಿ ಇನ್ನೊಂದಕ್ಕೆ ಕಳುಹಿಸಿದರೆ ಓದುವವರಿಗೆ ತಕ್ಷಣ ತಿಳಿಯುತ್ತದೆ. ನಿಮ್ಮ ಪ್ರಶ್ನೆಯ ಮೇಲೆ ಅಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆಂದು ಹುಡುಕಿ, ಅವರ ಬರಹವನ್ನು ಓದಿದ ಮೇಲೆಯೇ ಅವರ ಹೆಸರನ್ನು ನಮೂದಿಸಿ. ಅಧಿಕಾರಿಗಳ ಸಂದರ್ಶನ ನಡೆಸುವ ಯೋಜನೆಯಿದ್ದರೆ, ಅದಕ್ಕೆ ಬೇಕಾಗುವ ನೈತಿಕ ಅನುಮತಿಯ ಕಾಲವನ್ನೂ ವೇಳಾಪಟ್ಟಿಯಲ್ಲಿ ಸೇರಿಸಿ.

ಕೊನೆಯದಾಗಿ ಸಂದರ್ಶನ. ಅಲ್ಲಿ ಸಾಮಾನ್ಯ ಜ್ಞಾನದ ಪರೀಕ್ಷೆ ನಡೆಯುತ್ತದೆಂದು ಹೆದರಿ ಜಗತ್ತಿನ ರಾಜಧಾನಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನಿಮ್ಮ ಊಹೆ ತಪ್ಪೆಂದು ತಿಳಿದರೆ ಏನು ಮಾಡುತ್ತೀರಿ ಎಂದು ಸಮಿತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಯಾವ ದಾಖಲೆ ಸಿಕ್ಕರೆ ನಿಮ್ಮ ಊಹೆ ಬಿದ್ದುಹೋಗುತ್ತದೆ, ಆಗ ಅದೇ ಪ್ರಶ್ನೆಗೆ ಯಾವ ಎರಡನೆಯ ಉತ್ತರವನ್ನು ಪರಿಶೀಲಿಸುತ್ತೀರಿ ಎಂಬುದನ್ನು ಎರಡು ವಾಕ್ಯಗಳಲ್ಲಿ ಹೇಳಲು ಸಿದ್ಧರಾಗಿ ಹೋಗಿ. ನಮಸ್ಕಾರ.