ಹರಾಜು ಕೂಗಲು ಬಂದ ಗೆಳೆಯ

ನಮಸ್ಕಾರ. ಇವತ್ತು ಒಂದು ಹಾಡಿನ ಒಳಗೆ ನಡೆಯುವ ಮಾತುಕತೆಯಿಂದಲೇ ಶುರು ಮಾಡುತ್ತೇನೆ.

ಒಬ್ಬ ರೈತ. ಹೋದ ಬೇಸಿಗೆಯ ಬೆಳೆ ಮಾರಿದರೂ ಸಾಲ ತೀರಲಿಲ್ಲ. ಈ ಸಲ ಬಿತ್ತೋಣ ಅಂದರೆ ಬೀಜಕ್ಕೆ ದುಡ್ಡಿಲ್ಲ. ಬ್ಯಾಂಕು ಜಮೀನು ಜಪ್ತಿ ಮಾಡಿದೆ. ಈಗ ಹರಾಜು ಕೂಗಬೇಕು. ಕೂಗುವವನು ಯಾರು ಗೊತ್ತಾ? ಅವನ ಹಳೇ ಗೆಳೆಯ. ಗೆಳೆಯ ಅವನನ್ನು ಹೆಸರು ಹಿಡಿದು ಕರೆಯುತ್ತಾನೆ. ಇದು ನನ್ನ ಕೆಲಸ ಜಾನ್, ಅರ್ಥ ಮಾಡಿಕೋ ಅನ್ನುತ್ತಾನೆ. ರೈತ ಕೂಗಾಡುವುದಿಲ್ಲ. ಕೆಲಸ ಅಂದ ಮಾತ್ರಕ್ಕೆ ಅದು ಸರಿಯಾಗಿಬಿಡೋದಿಲ್ಲ ಅನ್ನುತ್ತಾನೆ. ಆಮೇಲೆ, ನೀನು ಬೇಕು ಅಂದರೆ ಇವತ್ತು ರಾತ್ರಿ ನಿನ್ನ ಆತ್ಮಕ್ಕೋಸ್ಕರ ಪ್ರಾರ್ಥನೆ ಮಾಡುತ್ತೇನೆ ಅನ್ನುತ್ತಾನೆ.

ಜಮೀನು ಕಳೆದುಕೊಂಡವನು, ಆ ಜಮೀನು ಹರಾಜು ಹಾಕುತ್ತಿರುವವನಿಗಾಗಿ ಪ್ರಾರ್ಥನೆ ಮಾಡುತ್ತೇನೆ ಅನ್ನುತ್ತಿದ್ದಾನೆ. ನಾನು ಎಷ್ಟು ಸಲ ಕೇಳಿದರೂ ಈ ಜಾಗದಲ್ಲಿ ಗಂಟಲು ಕಟ್ಟುತ್ತದೆ.

ಹಾಡಿನ ಹೆಸರು ‘ರೇನ್ ಆನ್ ದ ಸ್ಕೇರ್‌ಕ್ರೋ’. ಆಲ್ಬಮ್ಮಿನ ಹೆಸರು ಬರೀ ‘ಸ್ಕೇರ್‌ಕ್ರೋ’. 1985ರಲ್ಲಿ ಬಂತು. ಹಾಡಿದವರು ಅಮೆರಿಕದ ಇಂಡಿಯಾನಾ ರಾಜ್ಯದ ಜಾನ್ ಮೆಲೆನ್‌ಕ್ಯಾಂಪ್. ಸ್ಕೇರ್‌ಕ್ರೋ ಅಂದರೆ ಬೆದರುಗೊಂಬೆ, ಕೆಲವರ ಬಾಯಲ್ಲಿ ಬೆರ್ಚಪ್ಪ. ಹಕ್ಕಿ ಬೆದರಿಸೋಕೆ ಹೊಲದಲ್ಲಿ ನಿಲ್ಲಿಸೋ ಬೊಂಬೆ. ಆ ಹೊಲವೇ ಬರಿದಾಗಿದೆ. ಕಾಯೋಕೆ ಏನೂ ಉಳಿದಿಲ್ಲ. ಬೆರ್ಚಪ್ಪ ಮಾತ್ರ ಮಳೆಯಲ್ಲಿ ನೆನೆಯುತ್ತಾ ನಿಂತಿದ್ದಾನೆ. ಹಕ್ಕಿಯನ್ನೇನೋ ಓಡಿಸಬಹುದು, ಬ್ಯಾಂಕನ್ನು ಓಡಿಸೋಕೆ ಅವನಿಂದ ಆಗಲಿಲ್ಲ.

ಮೆಲೆನ್‌ಕ್ಯಾಂಪ್ ಹುಟ್ಟಿದ್ದು 1951ರಲ್ಲಿ, ಸೀಮೋರ್ ಅನ್ನೋ ಸಣ್ಣ ಊರಿನಲ್ಲಿ. ಮೊದಲ ಆಲ್ಬಮ್ 1976ರಲ್ಲಿ ಬಂದಾಗ ಮ್ಯಾನೇಜರ್ ಅವರ ಹೆಸರನ್ನು ‘ಜಾನಿ ಕೂಗರ್’ ಅಂತ ಮಾಡಿಬಿಟ್ಟಿದ್ದರು. ಮೆಲೆನ್‌ಕ್ಯಾಂಪ್ ಅನ್ನೋ ಮನೆತನದ ಹೆಸರು ಅಂಗಡಿಯಲ್ಲಿ ಓಡೋದಿಲ್ಲ ಅನ್ನೋ ಲೆಕ್ಕ. 1982ರಲ್ಲಿ ‘ಅಮೆರಿಕನ್ ಫೂಲ್’ ಆಲ್ಬಮ್ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಆಮೇಲೆ ಅವರ ಮಾತಿಗೆ ಬೆಲೆ ಬಂತು. 1983ರ ಹೊತ್ತಿಗೆ ಕವರಿನ ಮೇಲೆ ತಮ್ಮ ಮನೆತನದ ಹೆಸರನ್ನೂ ಸೇರಿಸಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಅವರ ತಾತ ಸ್ಪೆಕ್ ಮೆಲೆನ್‌ಕ್ಯಾಂಪ್ ತೀರಿಕೊಂಡರು. ‘ಸ್ಕೇರ್‌ಕ್ರೋ’ ಆ ತಾತನಿಗೇ ಅರ್ಪಣೆ.

ಈಗ ಆ ಸಾಲದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ತುಂಬಾ ಜನ ಈ ಹಾಡನ್ನು ಬರಗಾಲದ ಹಾಡು ಅಂದುಕೊಂಡಿದ್ದಾರೆ. ಅಲ್ಲ. ಹೆಸರಲ್ಲೇ ಮಳೆ ಇದೆ ನೋಡಿ. ಮಳೆ ಬರುತ್ತಲೇ ಇದೆ.

1972ರಲ್ಲಿ ಸೋವಿಯತ್ ಒಕ್ಕೂಟ ಅಮೆರಿಕದಿಂದ ಭಾರಿ ಪ್ರಮಾಣದಲ್ಲಿ ಧಾನ್ಯ ಕೊಂಡಿತು. ಬೆಲೆ ಜಿಗಿಯಿತು. ಆಗಿನ ಕೃಷಿ ಕಾರ್ಯದರ್ಶಿ (ನಮ್ಮಲ್ಲಿ ಕೃಷಿ ಮಂತ್ರಿ ಇದ್ದ ಹಾಗೆ) ಅರ್ಲ್ ಬಟ್ಸ್, ಈ ಬೇಲಿಯಿಂದ ಆ ಬೇಲಿವರೆಗೆ ಒಂದಿಂಚೂ ಬಿಡದೆ ಬಿತ್ತಿ ಅಂತ ರೈತರನ್ನು ಹುರಿದುಂಬಿಸಿದರು. ಜಮೀನಿನ ಬೆಲೆ ವರ್ಷ ವರ್ಷ ಏರಿತು. ಬೆಲೆ ಏರಿದ ಜಮೀನನ್ನು ಒತ್ತೆ ಇಟ್ಟುಕೊಂಡು ಬ್ಯಾಂಕುಗಳು ಇನ್ನೂ ಜಾಸ್ತಿ ಸಾಲ ಕೊಟ್ಟವು. ಆ ಸಾಲದಲ್ಲಿ ಟ್ರ್ಯಾಕ್ಟರ್ ಬಂತು, ಪಕ್ಕದ ಹೊಲವೂ ಬಂತು. ಸಾಲ ತರುವಾಗ ಯಾವತ್ತೂ ಹಾಲೋಗರ ಉಂಡ ಹಾಗೇ ಇರುತ್ತದೆ, ಅಲ್ವಾ?

1979ರ ಅಕ್ಟೋಬರ್‌ನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಪಾಲ್ ವೋಲ್ಕರ್ ಬೆಲೆ ಏರಿಕೆ ತಡೆಯೋಕೆ ಹಣದ ಹಗ್ಗ ಬಿಗಿ ಮಾಡಿದರು. ಬಡ್ಡಿ ಏರಿತು. 1980ರ ಡಿಸೆಂಬರ್ ಹೊತ್ತಿಗೆ, ಬ್ಯಾಂಕುಗಳು ತಮ್ಮ ಅತಿ ನಂಬಿಕಸ್ಥ ಗಿರಾಕಿಗಳಿಗೆ ಹಾಕುವ ಬಡ್ಡಿಯೇ ಶೇಕಡಾ 21.5 ಮುಟ್ಟಿತ್ತು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು ಅನ್ನೋ ಕಾರಣಕ್ಕೆ ಅದೇ ವರ್ಷದ ಜನವರಿಯಲ್ಲಿ ಅಧ್ಯಕ್ಷ ಕಾರ್ಟರ್ ಆ ದೇಶಕ್ಕೆ ಧಾನ್ಯ ಮಾರೋದನ್ನು ತಡೆದಿದ್ದರು. ಒಂದು ಕಡೆ ಬಡ್ಡಿ ಮೇಲಕ್ಕೆ, ಇನ್ನೊಂದು ಕಡೆ ಬೆಳೆಯ ಬೆಲೆ ಕೆಳಕ್ಕೆ. ಕೊನೆಗೆ ಒತ್ತೆ ಇಟ್ಟ ಜಮೀನಿನ ಬೆಲೆಯೂ ಕುಸಿಯಿತು. ಐಯೋವಾ ರಾಜ್ಯದಲ್ಲಿ 1981ರಲ್ಲಿ ಎಕರೆಗೆ ಸರಾಸರಿ 2,147 ಡಾಲರ್ ಇದ್ದ ಜಮೀನು 1986ಕ್ಕೆ 787 ಡಾಲರ್‌ಗೆ ಬಿತ್ತು.

ಒಬ್ಬ ರೈತ ಏನೂ ತಪ್ಪು ಮಾಡದೆ, ಬೆಳಗ್ಗೆ ಎದ್ದು ಎಂದಿನಂತೆ ಹೊಲಕ್ಕೆ ಹೋಗುತ್ತಲೇ ದಿವಾಳಿ ಆಗಬಹುದಾದ ಪರಿಸ್ಥಿತಿ ಇದು. ಹೀಗೆ ಜಮೀನು ಕಳೆದುಕೊಂಡವರ ಹೆಸರಲ್ಲಿ ಜನ ಕೋರ್ಟುಗಳ ಮುಂದೆ ಬಿಳಿ ಶಿಲುಬೆ ನೆಟ್ಟು ಪ್ರತಿಭಟನೆ ಮಾಡುತ್ತಿದ್ದರು. ಹಾಡಿನಲ್ಲೂ ಅದು ಬರುತ್ತದೆ. ಕೋರ್ಟಿನ ಅಂಗಳದಲ್ಲಿ 97 ಶಿಲುಬೆ. 97 ಸಂಸಾರ, 97 ಹೊಲ. ನೂರಾರು ಅಂತ ಹೇಳಿ ಮುಗಿಸಿಬಿಡಬಹುದಿತ್ತು. ಮುಗಿಸಲಿಲ್ಲ. ಎಣಿಸಿ ಹೇಳಿದರು. ಈ ಎಣಿಕೆ ನನಗೆ ತುಂಬಾ ಮುಖ್ಯ ಅನಿಸುತ್ತದೆ.

ಈ ಹಾಡನ್ನು ಮೆಲೆನ್‌ಕ್ಯಾಂಪ್ ತಮ್ಮ ಬಾಲ್ಯದ ಗೆಳೆಯ ಜಾರ್ಜ್ ಗ್ರೀನ್ ಜೊತೆ ಸೇರಿ ಬರೆದರು. ಸೀಮೋರ್‌ನಲ್ಲಿ ಒಟ್ಟಿಗೆ ಬೆಳೆದವರು. ಇಬ್ಬರೂ ಸುತ್ತಮುತ್ತ ಏನಾಗುತ್ತಿದೆ ಅಂತ ಕಣ್ಣಾರೆ ನೋಡುತ್ತಿದ್ದರು. ರೆಕಾರ್ಡಿಂಗ್‌ಗೂ ಅವರು ದೊಡ್ಡ ನಗರಕ್ಕೆ ಹೋಗಲಿಲ್ಲ. ಇಂಡಿಯಾನಾದ ಬೆಲ್ಮಾಂಟ್‌ನಲ್ಲಿ ತಮ್ಮದೇ ಸ್ಟುಡಿಯೋ ಮಾಡಿಕೊಂಡಿದ್ದರು. ಅಲ್ಲಿ ತಯಾರಾದ ಮೊದಲ ಆಲ್ಬಮ್ ಇದು. 1985ರ ಮಾರ್ಚ್‌ನಲ್ಲಿ ಶುರು ಮಾಡಿ ಏಪ್ರಿಲ್ ಕೊನೆಗೆ ಮುಗಿಸಿದರು. ನಿರ್ಮಾಪಕ ಡಾನ್ ಗೇಮನ್ ಜೊತೆ ಆಲ್ಬಮ್ಮಿನ ನಿರ್ಮಾಣದ ಹೊಣೆಯನ್ನೂ ತಾವೇ ಹೊತ್ತರು.

ಅದಕ್ಕಿಂತ ಮುಂಚೆ ಅವರು ಮಾಡಿದ ಒಂದು ಕೆಲಸ ಇದೆ. ತಮ್ಮ ಬ್ಯಾಂಡಿನವರಿಗೆ 1960ರ ದಶಕದ ಸುಮಾರು ನೂರು ಹಳೇ ಹಾಡು ಕಲಿಯೋಕೆ ಹೇಳಿದರು. ಸುಮ್ನೆ ಕೇಳೋದಲ್ಲ, ನುಡಿಸಿ ಕಲಿಯಬೇಕು. ಗಿಟಾರ್ ಎಲ್ಲಿ ಸುಮ್ಮನಾಗುತ್ತದೆ, ಡ್ರಮ್ ಎಲ್ಲಿ ಒಳಗೆ ಬರುತ್ತದೆ, ಎಲ್ಲವೂ ಕೈಗೆ ಹತ್ತಬೇಕು. ಹಾಗಾಗಿ ಈ ಆಲ್ಬಮ್ಮಿನಲ್ಲಿ ಶೋಕಿ ಇಲ್ಲ. ಕೆನ್ನಿ ಆರನಾಫ್ ಅವರ ಡ್ರಮ್ ಕೇಳಿ. ಮೊದಲ ಹಾಡಿನಲ್ಲಿ ಅದು ತಾಳ ಹಾಕುವ ಹಾಗಿಲ್ಲ, ಯಾರೋ ಬಾಗಿಲು ಗುದ್ದುತ್ತಿರುವ ಹಾಗಿದೆ. ‘ಸ್ಮಾಲ್ ಟೌನ್’ ಅನ್ನೋ ಹಾಡನ್ನು ಮೆಲೆನ್‌ಕ್ಯಾಂಪ್ ಬರೆದದ್ದು ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು. ಮೇಲೆ ಮನೆ ತುಂಬಾ ನೆಂಟರು. ಕೆಳಗಿನಿಂದ ಇವರು ಗುನುಗುತ್ತಾ ಬರೆಯೋದು ಅವರಿಗೆಲ್ಲ ಕೇಳಿಸುತ್ತಿತ್ತಂತೆ. ಮೇಲೆ ಬಂದಾಗ ಎಲ್ಲರೂ ನಗುತ್ತಿದ್ದರಂತೆ.

ಆಲ್ಬಮ್ಮಿನ ಎರಡನೇ ಹಾಡು ಬರೀ 56 ಸೆಕೆಂಡ್. ಮೊದಲ ಹಾಡಿನಲ್ಲಿ ಒಬ್ಬ ಅಜ್ಜಿ ಬರುತ್ತಾಳೆ. ಮನೆ ಮುಂದಿನ ಉಯ್ಯಾಲೆಯಲ್ಲಿ ಬೈಬಲ್ ಹಿಡಿದು ಕೂತಿರುತ್ತಾಳೆ. ಆ ಹಾಡು ಮುಗಿಯುತ್ತದೆ. ಡ್ರಮ್ಮಿನ ಗದ್ದಲ ನಿಲ್ಲುತ್ತದೆ. ಆಗ ನಿಜವಾದ ಒಬ್ಬ ಅಜ್ಜಿಯ ದನಿ ಬರುತ್ತದೆ. ಅದು ಲಾರಾ ಮೆಲೆನ್‌ಕ್ಯಾಂಪ್, ಅವರ ಸ್ವಂತ ಅಜ್ಜಿ. ಹಳೇ ಕಾಲದ ಒಂದು ರೈಲಿನ ಹಾಡು ಹೇಳುತ್ತಾರೆ. ರೈಲಿನಲ್ಲಿ ಮಗು ಅಳುತ್ತಿದೆ, ಮಲಗಿದ್ದವರು ಬೈಯುತ್ತಿದ್ದಾರೆ, ತಾಯಿ ಎಲ್ಲಿ ಅಂತ ಕೇಳುತ್ತಿದ್ದಾರೆ. ತಾಯಿ ಮುಂದಿನ ಸಾಮಾನು ಡಬ್ಬಿಯಲ್ಲಿ ಶವಪೆಟ್ಟಿಗೆಯೊಳಗೆ ಇದ್ದಾಳೆ. ಆ ಹಳೇ ಹಾಡಿನ ಕತೆ ಇದು. ಅಜ್ಜಿ ಹೇಳೋದು ಅದರ ಒಂದು ತುಣುಕು. ವಯಸ್ಸಾದ ದನಿ, ಅಲ್ಲಲ್ಲಿ ಅಲುಗುತ್ತದೆ. ಅದನ್ನು ತಿದ್ದೋಕೆ ಹೋಗಿಲ್ಲ. ಆಮೇಲೆ ನೇರವಾಗಿ ‘ಸ್ಮಾಲ್ ಟೌನ್’.

ನಾನು ಹೇಳಬೇಕು ಅಂದುಕೊಂಡಿದ್ದು ಇದನ್ನೇ. ಈ ಆಲ್ಬಮ್ಮಿನ ಒಳ್ಳೇ ಹಾಡುಗಳಲ್ಲಿ ‘ಜನ’ ಅನ್ನೋರು ಯಾರೂ ಇಲ್ಲ. ಒಬ್ಬೊಬ್ಬರೇ ಇದ್ದಾರೆ. ಅಜ್ಜಿ ಇದ್ದಾಳೆ. ಹರಾಜು ಕೂಗುವ ಗೆಳೆಯನಿಗೂ ಹೆಸರಿದೆ. ‘ಮಿನಿಟ್ಸ್ ಟು ಮೆಮೊರೀಸ್’ ಹಾಡಿನಲ್ಲಿ ಬಸ್ಸಿನಲ್ಲಿ ಪಕ್ಕ ಕೂತ ಮುದುಕನಿಗೆ 77 ವರ್ಷ, ಜೀವನವೆಲ್ಲ ಗ್ಯಾರಿ ಅನ್ನೋ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವನು. ಅದೇ ಆಲ್ಬಮ್ಮಿನಲ್ಲಿ ‘ಜಸ್ಟಿಸ್ ಆ್ಯಂಡ್ ಇಂಡಿಪೆಂಡೆನ್ಸ್ ’85’ ಅನ್ನೋ ಹಾಡೂ ಇದೆ. ಅದರಲ್ಲಿ ಗಂಡನ ಹೆಸರು ಸ್ವಾತಂತ್ರ್ಯ, ಹೆಂಡತಿ ನ್ಯಾಯ, ಮಗ ರಾಷ್ಟ್ರ. ಒಳ್ಳೇ ಉದ್ದೇಶದ ಹಾಡೇ. ಆದರೆ ನನಗೆ ಅದು ಹತ್ತಿರ ಬರೋದೇ ಇಲ್ಲ. ನ್ಯಾಯ ಅನ್ನೋ ಹೆಂಗಸಿಗಾಗಿ ನಾನು ಅಳಲಾರೆ. ಉಯ್ಯಾಲೆಯಲ್ಲಿ ಕೂತ ಅಜ್ಜಿಗಾಗಿ ಅಳಬಲ್ಲೆ.

ಜನ ಹೇಗೆ ತೆಗೆದುಕೊಂಡರು? ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಆಲ್ಬಮ್‌ಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಏರಿತು. ಇದರ ಐದು ಹಾಡು ಅಲ್ಲಿನ ಮೊದಲ 40ರೊಳಗೆ ಬಂದವು. ಅಮೆರಿಕವೊಂದರಲ್ಲೇ 50 ಲಕ್ಷ ಪ್ರತಿಯ ಪ್ಲಾಟಿನಂ ಮನ್ನಣೆ ಸಿಕ್ಕಿತು. ಎಲ್ಲಕ್ಕಿಂತ ಮೇಲೆ ಹೋದದ್ದು ‘ಆರ್.ಓ.ಸಿ.ಕೆ. ಇನ್ ದ ಯು.ಎಸ್.ಎ.’, ಎರಡನೇ ಸ್ಥಾನಕ್ಕೆ. ಹಳೇ ಹಾಡುಗಾರರನ್ನು ನೆನೆದು ಕುಣಿಯುವ ಹಾಡು ಅದು. ಉಳಿದ ಹಾಡುಗಳ ಗಂಭೀರತೆಗೆ ಹೊಂದೋದಿಲ್ಲ ಅಂತ ಮೆಲೆನ್‌ಕ್ಯಾಂಪ್ ಅದನ್ನು ಕೈಬಿಡುವುದರಲ್ಲಿದ್ದರು. ರೈತನ ಹಾಡು 21ರವರೆಗೆ ಹೋಯಿತು. ಕೆಲವರು ಇದನ್ನು ಸೋಲು ಅನ್ನುತ್ತಾರೆ. ನಾನು ಒಪ್ಪೋದಿಲ್ಲ. ಜಪ್ತಿ, ಹರಾಜು, ಶಿಲುಬೆ ಇರುವ ಹಾಡು ರೇಡಿಯೋದಲ್ಲಿ, ಪ್ರೇಮಗೀತೆಗಳ ನಡುವೆ 21ನೇ ಸ್ಥಾನದಲ್ಲಿ ಬಂದಿದೆ. ಅದೇನು ಕಮ್ಮಿ ಮಾತಲ್ಲ.

ಅದೇ ವರ್ಷ ಜುಲೈ 13ರಂದು, ಇಥಿಯೋಪಿಯಾದ ಬರಗಾಲಕ್ಕೆ ಹಣ ಕೂಡಿಸೋಕೆ ನಡೆದ ‘ಲೈವ್ ಏಡ್’ ಸಂಗೀತ ಕಾರ್ಯಕ್ರಮದ ವೇದಿಕೆಯಲ್ಲಿ ಹಾಡುಗಾರ ಬಾಬ್ ಡಿಲನ್ ಒಂದು ಮಾತು ಹೇಳಿದರು. ಈ ಹಣದಲ್ಲಿ ಸ್ವಲ್ಪ ತೆಗೆದು ನಮ್ಮ ರೈತರ ಬ್ಯಾಂಕ್ ಸಾಲಕ್ಕೂ ಕೊಡಬಹುದೇನೋ ಅಂತ. ಆ ಮಾತು ಹಿಡಿದು ವಿಲ್ಲಿ ನೆಲ್ಸನ್, ನೀಲ್ ಯಂಗ್, ಮೆಲೆನ್‌ಕ್ಯಾಂಪ್ ಮೂವರು ಹಾಡುಗಾರರೂ ಸೇರಿ ರೈತರ ನೆರವಿಗೆ ‘ಫಾರ್ಮ್ ಏಡ್’ ಕಟ್ಟಿದರು. ಸೆಪ್ಟೆಂಬರ್ 22ಕ್ಕೆ ಇಲಿನಾಯ್ ರಾಜ್ಯದ ಶಾಂಪೇನ್ ಊರಿನ ಕ್ರೀಡಾಂಗಣದಲ್ಲಿ ಮೊದಲ ಕಾರ್ಯಕ್ರಮ. ಸುಮಾರು 80 ಸಾವಿರ ಜನ ಮಳೆಯಲ್ಲಿ ನೆನೆಯುತ್ತಾ ಕೇಳಿದರು.

ಲೈವ್ ಏಡ್ ಕಟ್ಟಿದ ಬಾಬ್ ಗೆಲ್ಡಾಫ್ ಅವರಿಗೆ ಡಿಲನ್ ಮಾತು ಸ್ವಲ್ಪವೂ ಹಿಡಿಸಲಿಲ್ಲ. ಜೀವ ಹೋಗೋದೇ ಬೇರೆ, ಜೀವನೋಪಾಯ ಹೋಗೋದೇ ಬೇರೆ ಅನ್ನೋದು ಅವರ ವಾದ. ಹಸಿವಿನಿಂದ ಸಾಯುತ್ತಿರುವ ಮಗುವಿನ ಪಕ್ಕದಲ್ಲಿ ಬ್ಯಾಂಕ್ ಸಾಲದ ಮಾತು ಎತ್ತಬಾರದಿತ್ತು ಅನ್ನೋದನ್ನು ನಾನೂ ಒಪ್ಪುತ್ತೇನೆ. ಆದರೆ ಅವೆರಡರ ನಡುವಿನ ಗೆರೆ ಅಷ್ಟು ದಪ್ಪ ಇಲ್ಲ. ಅದೇ ಡಿಸೆಂಬರ್ 9ರಂದು ಐಯೋವಾದ ಹಿಲ್ಸ್ ಅನ್ನೋ ಪುಟ್ಟ ಊರಿನಲ್ಲಿ ಸಾಲದಲ್ಲಿ ಮುಳುಗಿದ್ದ ಒಬ್ಬ ರೈತ ತನ್ನ ಹೆಂಡತಿಯನ್ನು ಕೊಂದ. ಬ್ಯಾಂಕಿಗೆ ಹೋಗಿ ಅದರ ಅಧ್ಯಕ್ಷನನ್ನು ಕೊಂದ. ಅಕ್ಕಪಕ್ಕದ ಇನ್ನೊಬ್ಬ ರೈತನನ್ನು ಕೊಂದ. ಕೊನೆಗೆ ತನ್ನನ್ನೂ ಮುಗಿಸಿಕೊಂಡ. ಸತ್ತವರು, ಕೊಂದವನು ಎಲ್ಲರೂ ಒಬ್ಬರಿಗೊಬ್ಬರು ಗೊತ್ತಿದ್ದವರು. ಹಾಡಿನಲ್ಲಿ ರೈತ ಹರಾಜು ಕೂಗುವ ಗೆಳೆಯನಿಗಾಗಿ ಪ್ರಾರ್ಥನೆ ಮಾಡುತ್ತೇನೆ ಅಂದನಲ್ಲ, ಆ ಮಾತಿನ ಭಾರ ಎಷ್ಟು ಅಂತ ನನಗೆ ಅರ್ಥವಾದದ್ದು ಈ ಸುದ್ದಿ ಓದಿದ ಮೇಲೆ.

1987ರಲ್ಲಿ ನೆಲ್ಸನ್ ಮತ್ತು ಮೆಲೆನ್‌ಕ್ಯಾಂಪ್ ರೈತರನ್ನು ಕರೆದುಕೊಂಡು ಅಮೆರಿಕದ ಸಂಸತ್ತಿನ ಮುಂದೆ ಹೋದರು. ಆ ವರ್ಷದ ಕೃಷಿ ಸಾಲ ಕಾಯ್ದೆ ಪಾಸಾಯಿತು. ಅದು ಹಾಡಿನಿಂದಲೇ ಆಯಿತು ಅಂತ ನಾನು ಹೇಳೋದಿಲ್ಲ, ರೈತರು ವರ್ಷಗಟ್ಟಲೆ ಬೀದಿಗೆ ಇಳಿದಿದ್ದರು. ಆದರೆ ಮೆಲೆನ್‌ಕ್ಯಾಂಪ್ ಹಾಡು ಮಾರಿ ಮನೆಗೆ ಹೋಗಲಿಲ್ಲ. ಸ್ವತಃ ರೈತನಲ್ಲದ ಇವರಿಗೆ ಇದನ್ನೆಲ್ಲ ಹಾಡೋಕೆ ಏನು ಹಕ್ಕು ಅನ್ನೋರಿಗೆ ನಾನು ತೋರಿಸೋದು ಇದನ್ನೇ. 2025ರಲ್ಲಿ ಫಾರ್ಮ್ ಏಡ್‌ಗೆ 40 ವರ್ಷ ತುಂಬಿತು. ಆಗಲೂ ಅವರು ವೇದಿಕೆಯಲ್ಲಿದ್ದರು.

ಒಂದು ಕೊರತೆಯನ್ನೂ ಹೇಳಲೇಬೇಕು. ಈ ಆಲ್ಬಮ್ಮಿನ ಹೊಲಗಳಲ್ಲಿ ಕಪ್ಪು ರೈತರು ಕಾಣೋದಿಲ್ಲ. 1920ರಲ್ಲಿ ಅಮೆರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. 1982ಕ್ಕೆ ಉಳಿದವರು ಸುಮಾರು 33 ಸಾವಿರ. ಸರ್ಕಾರದ ಸಾಲದಲ್ಲೇ ತಮಗೆ ತಾರತಮ್ಯ ಆಗಿದೆ ಅಂತ ಅವರು ಕೋರ್ಟಿಗೆ ಹೋದರು. 1999ರಲ್ಲಿ ಆ ಮೊಕದ್ದಮೆ ರಾಜಿಯಲ್ಲಿ ಮುಗಿದು ಪರಿಹಾರ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಜನರ ಜಮೀನು ಹೋಗಿಯೇ ಬಿಟ್ಟಿತ್ತು. ಅವರ ಹೊಲದ ಹರಾಜಿನ ಬಗ್ಗೆ ಇಲ್ಲಿ ಒಂದು ಸಾಲೂ ಇಲ್ಲ.

ಆ ಅಜ್ಜಿ ಹೇಳಿದ ರೈಲಿನ ಹಾಡು ಇದೆಯಲ್ಲ, ಅದನ್ನು 1896ರಲ್ಲಿ ಬರೆದವರು ಗಸ್ಸಿ ಡೇವಿಸ್. ಒಹಾಯೋದ ಕಪ್ಪು ಹಾಡುಗಾರ. ಬಣ್ಣದ ಕಾರಣಕ್ಕೆ ಸಿನ್‌ಸಿನಾಟಿಯ ಒಂದು ಸಂಗೀತ ಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಅಲ್ಲೇ ಕಸ ಗುಡಿಸೋ ಕೆಲಸ ಮಾಡುತ್ತಾ, ಅದಕ್ಕೆ ಬದಲಾಗಿ ಪಾಠ ಹೇಳಿಸಿಕೊಂಡರು. ಅವರ ಹಾಡು ಸುಮಾರು 90 ವರ್ಷ ಬಾಯಿಂದ ಬಾಯಿಗೆ ಓಡಾಡಿ, ಇಂಡಿಯಾನಾದ ಒಬ್ಬ ಅಜ್ಜಿಯ ಬಾಯಿಗೆ ಬಂತು. ಆಲ್ಬಮ್ಮಿನ ಮೇಲೆ ಅದಕ್ಕೆ ಇಟ್ಟ ಹೆಸರು ‘ಗ್ರ್ಯಾಂಡ್‌ಮಾಸ್ ಥೀಮ್’, ಅಂದರೆ ಅಜ್ಜಿಯ ಹಾಡು. ಕೇಳುವಾಗ ದಯವಿಟ್ಟು ಅದನ್ನು ದಾಟಿಸಿ ಮುಂದಕ್ಕೆ ಹೋಗಬೇಡಿ.