ಕಡಿದಷ್ಟೂ ಉಳಿದ ಕಾಡು

ಈ ವಿಡಿಯೋದಲ್ಲಿ ನೀವು ಈಗ ನೋಡುತ್ತಿರುವ ದಾರಿಯಲ್ಲಿ ನಾನು ನಡೆದದ್ದು ಏಪ್ರಿಲ್ ತಿಂಗಳ ನಡುವಿನ ಒಂದು ಮಂಗಳವಾರ, ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ. ಸ್ಥಳ ಇಂಗ್ಲೆಂಡಿನ ಪೂರ್ವಭಾಗದ ಸಫಕ್ ಸೀಮೆಯಲ್ಲಿರುವ ಬ್ರಾಡ್‌ಫೀಲ್ಡ್ ವುಡ್ಸ್. ಇಲ್ಲಿಗೆ ಹತ್ತಿರದ ಪಟ್ಟಣ ಬೆರಿ ಸೇಂಟ್ ಎಡ್ಮಂಡ್ಸ್. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದದ್ದು ನೋಡಿ ನಾನು ಮೊದಲ ಎರಡು ವರ್ಷ ‘ಬುರಿ’ ಎಂದೇ ಹೇಳುತ್ತಿದ್ದೆ, ಯಾರೂ ತಿದ್ದಿರಲಿಲ್ಲ. ಕೇಂಬ್ರಿಡ್ಜಿನ ನನ್ನ ಮನೆಯಿಂದ ಎ14 ಹೆದ್ದಾರಿ ಹಿಡಿದು ಬಂದು, ಪಟ್ಟಣ ದಾಟಿದ ಮೇಲೆ ಒಂದೇ ಕಾರು ಹಿಡಿಸುವಷ್ಟು ಅಗಲದ ಹಳ್ಳಿ ರಸ್ತೆಗಳಲ್ಲಿ ಹೊಲಗಳ ನಡುವೆ ಸಾಗಿದರೆ, ಬಯಲಿನ ಕೊನೆಯಲ್ಲಿ ಕಪ್ಪು ಗೆರೆಯೊಂದನ್ನು ಎಳೆದ ಹಾಗೆ ಈ ಕಾಡು ಕಾಣಿಸುತ್ತದೆ.

ಕಾರಿನ ಬಾಗಿಲು ಹಾಕಿದ ಮೇಲೆ ಮೊದಲು ಗಮನಕ್ಕೆ ಬರುವುದು ಇಲ್ಲಿಯ ಮೌನ. ಶಿರಸಿ ಕಡೆಯ ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದ ನನಗೆ ಕಾಡು ಎಂದರೆ ಜೀರುಂಡೆಯ ಸದ್ದು. ಅದು ನಿಂತರೆ ಏನೋ ಆಗಿದೆ ಎಂದು ತಲೆಯೆತ್ತಿ ನೋಡುವುದು ನಮ್ಮ ಅಭ್ಯಾಸ. ಇಲ್ಲಿ ಜೀರುಂಡೆಯೇ ಇಲ್ಲ. ಆದ್ದರಿಂದ ಹಕ್ಕಿಯ ಕೂಗು ಒಂದೊಂದಾಗಿ, ನಡುವೆ ಜಾಗ ಬಿಟ್ಟು ಕೇಳಿಸುತ್ತದೆ. ಈಗ ನಿಮಗೆ ಕೇಳಿಸುತ್ತಿರುವ ಎರಡೇ ಸ್ವರದ ಕೂಗು ಚಿಫ್‌ಚಾಫ್ ಎಂಬ ಪುಟ್ಟ ಹಕ್ಕಿಯದು. ತನ್ನ ಹೆಸರನ್ನು ತಾನೇ ಕರೆದುಕೊಳ್ಳುತ್ತ ಬೆಳಗಿನಿಂದ ಸಂಜೆಯವರೆಗೆ ಕುಳಿತಿರುತ್ತದೆ. ಆಗಾಗ ಕೇಳುವ ಟರ್‍ರ್ ಎಂಬ ಸದ್ದು ಮರಕುಟಿಗ ಒಣಕೊಂಬೆಯನ್ನು ಬಡಿಯುವುದು. ಉಂಬಳ ಇಲ್ಲ ಎಂಬ ಸಮಾಧಾನವೂ ಇದೆ. ಆದರೆ ಉಣುಗು ಇದೆ, ಜಿಂಕೆಗಳಿಂದ ಬರುವಂಥದ್ದು. ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಭಯ ಕಂಡವನಾದ ನಾನು ಯಾರೂ ಹೇಳದೆಯೇ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡೆ.

ಬೂಟಿನ ವಿಷಯದಲ್ಲಿ ಮಾತ್ರ ಆ ಬುದ್ಧಿ ಓಡಲಿಲ್ಲ. ಈ ಸೀಮೆಯ ನೆಲ ಹಿಮಯುಗದ ಹಿಮನದಿಗಳು ತಂದು ಹಾಸಿಹೋದ, ಸುಣ್ಣದ ಚೂರುಗಳು ಬೆರೆತ ಜೇಡಿಮಣ್ಣು. ಚಳಿಗಾಲದ ನೀರನ್ನು ಅದು ಏಪ್ರಿಲ್‌ವರೆಗೂ ಬಿಟ್ಟುಕೊಡುವುದಿಲ್ಲ. ಕ್ಯಾಮೆರಾವನ್ನು ಮೇಲೆ ಹಿಡಿದು ಮರದ ನೆತ್ತಿಯನ್ನು ತೋರಿಸುತ್ತ ನಡೆಯುತ್ತಿದ್ದಾಗ ಬಲಗಾಲಿನ ಬೂಟು ಕೆಸರಿನಲ್ಲೇ ಉಳಿದು, ಕಾಲು ಮಾತ್ರ ಮುಂದೆ ಬಂತು. ಆ ದೃಶ್ಯ ಅಲುಗಾಡಿರುವುದಕ್ಕೆ ಕಾರಣ ಅಷ್ಟೇ.

ಇನ್ನು ಈ ಕಾಡನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲ ಸಲ ಬಂದವರಿಗೆ ಇದು ಕಾಡಿನಂತೆ ಕಾಣುವುದೇ ಇಲ್ಲ ಎಂದರೆ ತಪ್ಪಾಗದು. ದೊಡ್ಡ ಮರಗಳು ಅಲ್ಲೊಂದು ಇಲ್ಲೊಂದು. ಉಳಿದಂತೆ ಎಲ್ಲ ಕಡೆ ಒಂದೇ ಬುಡದಿಂದ ಹತ್ತು, ಹದಿನೈದು ಸಪೂರ ಕೋಲುಗಳು ನಮ್ಮ ಬಿದಿರು ಮೆಳೆಯ ಹಾಗೆ ಎದ್ದು ನಿಂತಿವೆ. ಇವು ಹೇಜಲ್, ಆ್ಯಶ್, ಬರ್ಚ್, ಆಲ್ಡರ್ ಮರಗಳು. ನೆಲಮಟ್ಟಕ್ಕೆ ಕಡಿದ ಮರ ಬುಡದಿಂದ ಚಿಗುರಿ ಮತ್ತೆ ಕೋಲುಗಳಾಗುತ್ತದೆ. ಅವು ಇಪ್ಪತ್ತು, ಇಪ್ಪತ್ತೈದು ವರ್ಷ ಬೆಳೆದ ಮೇಲೆ ಮತ್ತೆ ಕಡಿಯುತ್ತಾರೆ. ಈ ಪದ್ಧತಿಗೆ ಕಾಪಿಸ್ ಎಂದು ಹೆಸರು, ಕಡಿದು ಉಳಿದ ಬುಡಕ್ಕೆ ಸ್ಟೂಲ್ ಎನ್ನುತ್ತಾರೆ. ಕಾಡನ್ನು ಹಲವು ತುಂಡುಗಳಾಗಿ ಗುರುತಿಸಿಕೊಂಡು, ಪ್ರತಿ ಚಳಿಗಾಲ ಎಲೆ ಉದುರಿದ ಮೇಲೆ ಕೆಲವನ್ನು ಮಾತ್ರ ಕಡಿದು, ಸರದಿ ಸುತ್ತಿ ಮತ್ತೆ ಮೊದಲಿನ ತುಂಡಿಗೇ ಬರುತ್ತಾರೆ. ನಡುನಡುವೆ ಬಿಟ್ಟ ಓಕ್ ಮರಗಳು ಮಾತ್ರ ತೊಲೆಯಾಗುವಷ್ಟು ಬಲಿಯುವವರೆಗೆ ನಿಲ್ಲುತ್ತವೆ.

ಬ್ರಾಡ್‌ಫೀಲ್ಡ್ ವುಡ್ಸ್‌ನಲ್ಲಿ ಈ ಕೆಲಸ ನಡೆಯುತ್ತಿರುವುದಕ್ಕೆ 1252ರಷ್ಟು ಹಿಂದಿನಿಂದ ದಾಖಲೆ ಇದೆ. ಆಗ ಇದು ಬೆರಿ ಸೇಂಟ್ ಎಡ್ಮಂಡ್ಸ್‌ನ ಕ್ರೈಸ್ತ ಮಠಕ್ಕೆ ಸೇರಿತ್ತು. 1539ರಲ್ಲಿ ದೊರೆ ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ ಆ ಮಠವನ್ನು ಮುಚ್ಚಿಸಲಾಯಿತು. ಅದರ ಗೋಡೆಗಳ ಅವಶೇಷ ಇಂದು ಪಟ್ಟಣದ ಉದ್ಯಾನದಲ್ಲಿ ಹಲ್ಲುದುರಿದ ಬಾಯಿಯಂತೆ ನಿಂತಿದೆ. ಕಲ್ಲಿನ ಮಠ ಕುಸಿಯಿತು, ಅದಕ್ಕೆ ಸೌದೆ ಮತ್ತು ಕೋಲು ಒದಗಿಸುತ್ತಿದ್ದ ಹೇಜಲ್ ಮೆಳೆ ಉಳಿಯಿತು. ಕಾಡಿನ ಅಂಚಿನಲ್ಲಿ ಕಾಣುವ ಈ ಉದ್ದನೆಯ ಮಣ್ಣಿನ ದಿಬ್ಬ ಮತ್ತು ಅದರ ಹೊರಗಿನ ಅಗಳು ಮಧ್ಯಯುಗದ ಗಡಿ. ದನಕರುಗಳು ಒಳನುಗ್ಗಿ ಎಳೆ ಚಿಗುರನ್ನು ಮೇಯದಿರಲಿ ಎಂದು ತೋಡಿದ್ದು. ಅಡಿಕೆ ತೋಟಕ್ಕೆ ಅಗಳು ತೆಗೆಸಿದವರಿಗೆ ಇದರಲ್ಲಿ ವಿವರಿಸುವಂಥದ್ದೇನೂ ಇಲ್ಲ. ದನದ ಕಾಟ ಈಗಿಲ್ಲ, ಜಿಂಕೆಯ ಕಾಟ ಇದೆ. ಹೊಸದಾಗಿ ಕಡಿದ ತುಂಡುಗಳ ಸುತ್ತ ಒಣ ರೆಂಬೆಗಳನ್ನು ಹೆಣೆದು ಎದೆಯೆತ್ತರಕ್ಕೆ ಬೇಲಿ ಕಟ್ಟಿರುವುದನ್ನು ನೀವು ನೋಡಬಹುದು.

ಈ ಹೂವಿನ ಮೇಲೆ ಕ್ಯಾಮೆರಾವನ್ನು ಬೇಕೆಂದೇ ಇಷ್ಟು ಹೊತ್ತು ನಿಲ್ಲಿಸಿದ್ದೇನೆ. ಸುಕ್ಕುಸುಕ್ಕಾದ ಎಲೆಗಳ ನಡುವೆ ಗೇಣುದ್ದದ ದಂಟು, ಅದರ ತುದಿಯಲ್ಲಿ ಬೆಣ್ಣೆಗಿಂತ ತುಸು ಗಾಢವಾದ ಹಳದಿ ಬಣ್ಣದ ಹೂಗಳು, ಅವೆಲ್ಲವೂ ಯಾರೋ ಕರೆದರೆಂದು ತಿರುಗಿದ ಹಾಗೆ ಒಂದೇ ಪಕ್ಕಕ್ಕೆ ಜೋತುಬಿದ್ದಿವೆ. ಇದರ ಹೆಸರು ಆಕ್ಸ್‌ಲಿಪ್. ಇದರ ಬಂಧುಗಳಾದ ಪ್ರಿಮ್‌ರೋಸ್ ಮತ್ತು ಕೌಸ್ಲಿಪ್ ಬ್ರಿಟನ್ನಿನ ಬಹುಪಾಲು ಎಲ್ಲ ಕಡೆ ಸಿಗುತ್ತವೆ. ಆಕ್ಸ್‌ಲಿಪ್ ಮಾತ್ರ ಸಫಕ್, ಎಸೆಕ್ಸ್, ಕೇಂಬ್ರಿಡ್ಜ್‌ಷೈರುಗಳು ಕೂಡುವ ಈ ಜೇಡಿನೆಲದ ಹಳೆಯ ಕಾಡುಗಳನ್ನು ಬಿಟ್ಟು ಹೆಚ್ಚು ದೂರ ಹೋಗಿಲ್ಲ. ನನ್ನ ಬೂಟನ್ನು ನುಂಗಿದ ಕೆಸರೇ ಅದಕ್ಕೆ ಬೇಕು. ಮರ ಕಡಿದ ಮರುವರ್ಷ, ಅದರ ಮುಂದಿನ ವರ್ಷ, ನೆಲಕ್ಕೆ ಒಮ್ಮೆಲೇ ಬಿಸಿಲು ಬಿದ್ದಾಗ, ಅಷ್ಟು ಕಾಲ ನೆರಳಿನಲ್ಲಿ ಎಲೆ ಮಾತ್ರ ಬಿಟ್ಟು ಕುಳಿತಿದ್ದ ಗಿಡಗಳು ತುಂಬಿ ಹೂಬಿಡುತ್ತವೆ. ಪಕ್ಕದ ಬಿಳಿಯ ಹೂ ವುಡ್ ಅನೆಮೊನಿ. ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ, ಆ ದಿನವೂ ಎರಡು ಸಲ ಮುಚ್ಚಿಕೊಂಡಿತು. ನಾಲ್ಕಾರು ವರ್ಷ ಕಳೆದು ಕೋಲುಗಳು ಒತ್ತಾಗಿ ಬೆಳೆದಾಗ ಹೂವಿನ ಸರದಿ ಮುಗಿದು ನೈಟಿಂಗೇಲಿನ ಸರದಿ ಬರುತ್ತದೆ. ಆಫ್ರಿಕಾದಿಂದ ಬರುವ ಆ ಹಕ್ಕಿಗೆ ಕೈ ತೂರದಷ್ಟು ದಟ್ಟ ಪೊದೆಯೇ ಗೂಡಿಗೆ ಬೇಕು. ನಾನು ಹೋದಾಗ ಅದಿನ್ನೂ ಬಂದಿರಲಿಲ್ಲ. ಹೇಜಲ್ ಕಾಯಿ ಬಿಡುವಷ್ಟು ಬಲಿತ ಮೇಲೆ ಡಾರ್ಮೌಸ್ ಎಂಬ ಹೊಂಬಣ್ಣದ ಪುಟ್ಟ ಪ್ರಾಣಿಯ ಕಾಲ. ವರ್ಷದ ಅರ್ಧಭಾಗವನ್ನು ನಿದ್ರೆಯಲ್ಲಿ ಕಳೆಯುವ ಅದನ್ನು ಕಾಣುವ ಆಸೆಯನ್ನು ನಾನು ಇಟ್ಟುಕೊಂಡೇ ಇರಲಿಲ್ಲ. ಈ ಕಾಡಿನಲ್ಲಿ 350ಕ್ಕೂ ಹೆಚ್ಚು ಜಾತಿಯ ಸಸ್ಯಗಳಿವೆ ಎಂಬ ಮಾತನ್ನು ನಂಬಲು ಹೀಗೆ ಹತ್ತು ವಯಸ್ಸಿನ ಹತ್ತು ತುಂಡುಗಳನ್ನು ಒಂದೇ ಬೆಳಗಿನಲ್ಲಿ ದಾಟಿ ಬಂದರೆ ಸಾಕು.

ಒಂಬತ್ತೂವರೆಯ ಹೊತ್ತಿಗೆ ಫೋನಿಗೆ ಸಿಗ್ನಲ್ ಸಿಕ್ಕಿತು. ಊರಿನಲ್ಲಿ ಆಗ ಮಧ್ಯಾಹ್ನ ಎರಡು ಗಂಟೆ; ಅಪ್ಪಯ್ಯ ಊಟ ಮುಗಿಸಿ ಜಗುಲಿಯಲ್ಲಿ ಕವಳ ಹಾಕುತ್ತಿದ್ದರು. ವಿಡಿಯೋ ಕರೆ ಮಾಡಿ ಈ ಚಳಿಗಾಲದಲ್ಲಿ ಕಡಿದ ಹೇಜಲ್ ಬುಡವೊಂದನ್ನು ತೋರಿಸಿದೆ. ಅವರು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ, “ಕತ್ತಿ ಹರಿತವಿದೆ ತಮಾ, ಬುಡ ಸೀಳಿಲ್ಲ. ನೀರು ನಿಲ್ಲದ ಹಾಗೆ ಓರೆಯಾಗಿ ಹಾಕಿದ್ದಾರೆ, ನೋಡು” ಎಂದರು. ನಿಜವಾಗಿಯೂ ಪ್ರತಿಯೊಂದು ಕಡಿತವೂ ಹೊರಮುಖವಾಗಿ ಇಳಿಜಾರಾಗಿತ್ತು. ಒಂದೂವರೆ ಗಂಟೆ ಚಿತ್ರೀಕರಣ ಮಾಡಿದ್ದ ನಾನು ಅದನ್ನು ಗಮನಿಸಿರಲಿಲ್ಲ.

ಅಪ್ಪಯ್ಯನಿಗೆ ಅದು ಕಂಡದ್ದು ಸೊಪ್ಪಿನ ಬೆಟ್ಟದ ಅಭ್ಯಾಸದಿಂದ. ಉತ್ತರ ಕನ್ನಡದ ಘಟ್ಟದ ಮೇಲೆ ಅಡಿಕೆ ತೋಟ ಇರುವವರಿಗೆ ಬ್ರಿಟಿಷರ ಕಾಲದಿಂದ ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಇದೆ. ಜಾಗ ಅರಣ್ಯ ಇಲಾಖೆಯದು, ಸೊಪ್ಪು ಮತ್ತು ದರಕು, ಅಂದರೆ ಉದುರಿದ ಒಣ ಎಲೆ, ನಮ್ಮದು. ಮತ್ತಿ, ಹೊನ್ನೆಯಂಥ ಮರಗಳನ್ನು ಹತ್ತಿ, ತುದಿಯ ಕುಚ್ಚನ್ನು ಬಿಟ್ಟು ಉಳಿದ ರೆಂಬೆಗಳನ್ನು ಸವರಿ ತಂದು ಕೊಟ್ಟಿಗೆಗೆ ಹಾಸಿದರೆ ಅದೇ ತೋಟದ ಗೊಬ್ಬರ. ನಮ್ಮಲ್ಲಿ ಕತ್ತಿ ಮರದ ನೆತ್ತಿಯ ಕಡೆಗೆ ಹೋಗುತ್ತದೆ, ಇಲ್ಲಿ ಬುಡಕ್ಕೆ ಬೀಳುತ್ತದೆ. ಆದರೂ ಕಡಿಯುವವನ ಲೆಕ್ಕ ಒಂದೇ, ಎಷ್ಟು ಬಿಟ್ಟರೆ ಮುಂದಿನ ಸರದಿಗೆ ಸಿಕ್ಕೀತು ಎಂಬುದು. ಎರಡೂ ಕಡೆ ತಪ್ಪಿದವರಿದ್ದಾರೆ. ಬೋಳು ಬೆಟ್ಟಗಳು ನಮ್ಮಲ್ಲೂ ಬೇಕಾದಷ್ಟಿವೆ.

ಇಂಗ್ಲೆಂಡಿನ ಬಹುಪಾಲು ಕಾಪಿಸ್ ಕಾಡುಗಳಲ್ಲಿ ಕಡಿಯುವ ಕೆಲಸ ನಿಂತುಹೋದದ್ದು ಕಲ್ಲಿದ್ದಲು ಬಂದು ಸೌದೆಗೆ ಬೇಡಿಕೆ ಇಳಿದಾಗ. ಇಲ್ಲಿ ಅದು ನಿಲ್ಲದಿರುವುದಕ್ಕೆ ಒಂದು ಕಾರಣ ಸಮೀಪದ ಲಿಟಲ್ ವೆಲ್ನೆಥಮ್ ಹಳ್ಳಿಯ ಕಾರ್ಖಾನೆ. ಹುಲ್ಲು ಗುಡ್ಡೆಹಾಕುವ ದಂತಾಳದ ಹಿಡಿಗೂ ಹುಲ್ಲು ಕೊಯ್ಯುವ ಉದ್ದ ಕುಡುಗೋಲಿನ ಹಿಡಿಗೂ ಬೇಕಾದ ನೇರವಾದ ಕೋಲುಗಳು ಅಲ್ಲಿಗೆ ಹೋಗುತ್ತಿದ್ದುದು ಈ ಕಾಡಿನಿಂದ. ಕಾಡನ್ನು ಮುಟ್ಟದೆ ಬಿಟ್ಟರೆ ಮಾತ್ರ ಅದು ಉಳಿಯುತ್ತದೆ ಎಂದು ನಂಬಿಕೊಂಡಿದ್ದ ನನಗೆ ಇದು ಸುಲಭವಾಗಿ ಒಗ್ಗಲಿಲ್ಲ. ಆದರೆ 1960ರ ದಶಕದಲ್ಲಿ ಇಲ್ಲಿ ನಡೆದದ್ದನ್ನು ಓದಿದ ಮೇಲೆ ಒಪ್ಪಿದೆ: ಮಾಂಕ್ಸ್ ಪಾರ್ಕ್ ವುಡ್ ಎಂಬ ಭಾಗದ ಹೆಚ್ಚಿನ ಕಾಡನ್ನು ಬುಡಸಮೇತ ಕಿತ್ತು ಉಳುಮೆಯ ಹೊಲ ಮಾಡಿದರು. ಏಳುನೂರು ವರ್ಷ ಕಡಿದರೂ ಸಾಯದ ಮರಗಳು ಯಂತ್ರಗಳ ಮುಂದೆ ಉಳಿಯಲಿಲ್ಲ. ಉಳಿದ ಭಾಗವನ್ನು ಸ್ಥಳೀಯರ ಪ್ರಯತ್ನದಿಂದ 1970ರಲ್ಲಿ ನಿಸರ್ಗ ಸಂರಕ್ಷಣೆಗಾಗಿ ಕೊಂಡುಕೊಳ್ಳಲಾಯಿತು. ಈಗ ಇದು ರಾಷ್ಟ್ರೀಯ ನಿಸರ್ಗಧಾಮ, ಸಫಕ್ ವೈಲ್ಡ್‌ಲೈಫ್ ಟ್ರಸ್ಟ್ ನೋಡಿಕೊಳ್ಳುತ್ತಿದೆ.

ಕೊನೆಯದಾಗಿ ಈ ಆ್ಯಶ್. ಕಡಿಯದೆ ಬಿಟ್ಟ ಆ್ಯಶ್ ಮರದ ಆಯುಸ್ಸು ಸಾಮಾನ್ಯವಾಗಿ ಇನ್ನೂರು ವರ್ಷದ ಆಸುಪಾಸು. ಕಡಿಯುತ್ತ ಬಂದರೆ ಬೇರು ಉಳಿದು, ಬುಡ ಹೊರಗೆ ಹೊರಗೆ ಹರಡಿ, ನಡುವೆ ಕೊಳೆತು ಉಂಗುರವಾಗುತ್ತದೆ. ಈ ಕಾಡಿನ ಅತ್ಯಂತ ದೊಡ್ಡ ಆ್ಯಶ್ ಬುಡದ ಅಡ್ಡಳತೆ ಐದು ಮೀಟರಿಗೂ ಮಿಗಿಲು, ವಯಸ್ಸು ಸಾವಿರ ವರ್ಷದಷ್ಟು ಎಂದು ಅಂದಾಜು. ನೀವು ನೋಡುತ್ತಿರುವುದು ಅದಲ್ಲ, ಅದಕ್ಕಿಂತ ಬಹಳ ಚಿಕ್ಕದು. ಇದನ್ನು ಸುತ್ತಿ ಬರಲು ನನಗೆ ಹನ್ನೊಂದು ಹೆಜ್ಜೆ ಬೇಕಾಯಿತು. ಒಳಗಿನ ಟೊಳ್ಳಿನಲ್ಲಿ ಪಾಚಿ, ಮಳೆನೀರು, ಯಾವುದೋ ಇಲಿ ತಿಂದು ಬಿಟ್ಟ ಹೇಜಲ್ ಕಾಯಿಯ ಎರಡು ಚಿಪ್ಪು. ಸುತ್ತಲೂ ಒಂಬತ್ತು ಕೋಲುಗಳು, ಯಾವುದರಲ್ಲೂ ಎಲೆಯಿಲ್ಲ.

ಆ್ಯಶ್ ಮರಗಳಿಗೆ ಶಿಲೀಂಧ್ರದಿಂದ ಬರುವ ಒಂದು ರೋಗವಿದೆ. ಬ್ರಿಟನ್ನಿನಲ್ಲಿ ಅದು ಪತ್ತೆಯಾದದ್ದು 2012ರಲ್ಲಿ. ತುದಿಯಿಂದ ಒಣಗುತ್ತ ಬರುವ ಆ ರೋಗ ಈ ಕಾಡಿಗೂ ಬಂದಿದೆ. ಆದರೆ ಆ್ಯಶ್ ಚಿಗುರುವುದು ಉಳಿದೆಲ್ಲ ಮರಗಳು ಹಸಿರಾದ ಮೇಲೆ, ಮೇ ತಿಂಗಳಲ್ಲಿ. ಆದ್ದರಿಂದ ಏಪ್ರಿಲ್‌ನಲ್ಲಿ ನೋಡಿದವನಿಗೆ ಸತ್ತ ಕೋಲು ಯಾವುದು, ನಿದ್ರಿಸುತ್ತಿರುವುದು ಯಾವುದು ಎಂದು ಹೇಳಲು ಬರುವುದಿಲ್ಲ. ಎರಡು ಕೋಲುಗಳ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಬೇಕೆನ್ನಿಸಿತು, ಕೆರೆಯಲಿಲ್ಲ. ಒಂಬತ್ತನ್ನೂ ಬುಡದಿಂದ ತುದಿಯವರೆಗೆ ಒಂದೊಂದಾಗಿ ಚಿತ್ರೀಕರಿಸಿ ಇಟ್ಟುಕೊಂಡಿದ್ದೇನೆ. ಜೂನ್ ಮೊದಲ ವಾರ ಇದೇ ಜಾಗಕ್ಕೆ, ಈ ಸಲ ಎತ್ತರದ ರಬ್ಬರ್ ಬೂಟು ಹಾಕಿಕೊಂಡು ಬರುತ್ತೇನೆ. ಎಷ್ಟು ಚಿಗುರಿವೆ ಎಂದು ಫೋನ್ ಮಾಡಿ ತಿಳಿಸಬೇಕೆಂದು ಅಪ್ಪಯ್ಯ ಆಗಲೇ ಹೇಳಿದ್ದಾರೆ.